ಗುರುವಾರ ಬರುತ್ತಿದ್ದ ತಂದೆ

೧೯೯೯ನೇ ಇಸವಿ, ಜೂನ್ ತಿಂಗಳ ಎರಡನೇ ಗುರುವಾರ. ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ: ಇಂಡಿ ತಾಲೂಕಿನ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರ. ಹಾಜರಿದ್ದವರು: ಆ ಉಪಕೇಂದ್ರದ ಕಿರಿಯ ಆರೋಗ್ಯ ಸಹಾಯಕಿಯಾದ ನಾನು, ಅಂಗನವಾಡಿ ಕಾರ್ಯಕರ್ತೆ ಗೌರಾಬಾಯಿ, ಇಂಡಿಯ ಲಿಂಬೆ ಪೇಟೆಯಲ್ಲಿ ಹಮಾಲಿ ಮಾಡುವ ಮಾಳಪ್ಪ, ಹೊಲದ ಕೂಲಿ ಮಾಡುವ ಕಸ್ತೂರಿ, ಕಸ್ತೂರಿಯ ಅತ್ತೆ ನೀಲವ್ವ, ಐದು ವರ್ಷ ನಾಲ್ಕು ತಿಂಗಳಿನ ಸುಮಿತ್ರಾ.

ದಿನಚರಿಯನ್ನು ಹೀಗೆ ತಾರೀಖು, ಹೊತ್ತು, ಹಾಜರಿ ಎಂದು ಬರೆಯುವುದನ್ನು ತರಬೇತಿ ಶಾಲೆಯಲ್ಲಿ ಮೇಟ್ರನ್ ಕಲಿಸಿದ್ದರು. ಬೆಳಿಗ್ಗೆ ಐದಕ್ಕೆ ಗಂಟೆ, ಐದೂಕಾಲಿಗೆ ಹಾಸಿಗೆ ಮಡಿಕೆ ತಪಾಸಣೆ, ಐದೂವರೆಗೆ ಉಗುರು ತಪಾಸಣೆ. ಆ ಮೂರು ವರ್ಷ ಅಳುತ್ತ ಕಲಿತದ್ದನ್ನು ಮೂವತ್ತು ವರ್ಷ ನಗುತ್ತ ಪಾಲಿಸಿದೆ. ಈಗ ನೌಕರಿಗೆ ಸೇರುವ ಹುಡುಗಿಯರು ನನ್ನ ಮನೆಗೆ ಬಂದು, "ಅಕ್ಕಾರ, ಕೆಲಸ ಹ್ಯಾಂಗಿರತೈತಿ ಹೇಳ್ರಿ" ಎಂದು ಕೇಳುತ್ತಾರೆ. ನನಗೆ ಸಿಕ್ಕ ಬಡ್ತಿಗಳೆಲ್ಲ ನೌಕರಿ ಪುಸ್ತಕದಲ್ಲಿವೆ, ಅವುಗಳಿಂದ ಅವರಿಗೆ ಉಪಯೋಗವಿಲ್ಲ. ನಾನು ಮಾಡಿದ ಒಂದು ದೊಡ್ಡ ತಪ್ಪು ಯಾವ ಪುಸ್ತಕದಲ್ಲೂ ಇಲ್ಲ. ಅದನ್ನೇ ಬರೆಯುತ್ತೇನೆ.

ಆ ಗುರುವಾರ ಇತ್ಯರ್ಥವಾಗಬೇಕಿದ್ದದ್ದು ಒಂದೇ ಮಾತು. ಸುಮಿತ್ರಾಳನ್ನು ಶಾಲೆಗೆ ಸೇರಿಸುವ ಮೊದಲು ನನ್ನ ರಿಜಿಸ್ಟರಿನ ತಂದೆ ಎಂಬ ಅಂಕಣದಲ್ಲಿ ಯಾರ ಹೆಸರು ಇರಬೇಕು? ಅಲ್ಲಿ ಐದು ವರ್ಷದಿಂದ ಒಬ್ಬ ಸತ್ತ ಮನುಷ್ಯನ ಹೆಸರಿತ್ತು. ಬದುಕಿದ್ದ ತಂದೆ ಎದುರಿಗೆ ನಿಂತಿದ್ದ. ಸತ್ತವನ ಹೆಸರು ಬರೆದವಳು ನಾನೇ.

೧೯೯೪ರ ಫೆಬ್ರುವರಿಗೆ ಹಿಂದೆ ಹೋಗುತ್ತೇನೆ.

ಆಗ ನನ್ನ ಸುತ್ತಾಟಕ್ಕೆ ಒಂದು ಲೆಕ್ಕವಿತ್ತು: ಮನೆಗೆ ಎರಡು ನಿಮಿಷ. ಹೊಸ್ತಿಲ ಹೊರಗೆ ನಿಂತು ಕೇಳುವುದು, ಬರೆಯುವುದು, ಗೋಡೆಯ ಮೇಲೆ ಸೀಮೆಸುಣ್ಣದಿಂದ ತಾರೀಖು ಹಾಕುವುದು, ಮುಂದಿನ ಮನೆ. ಹನ್ನೊಂದರೊಳಗೆ ಮೂವತ್ತು ಮನೆ ಮುಗಿಯುತ್ತಿದ್ದವು. ನನ್ನಷ್ಟು ಬೇಗ ಮುಗಿಸುವವರು ತಾಲೂಕಿನಲ್ಲಿ ಇಲ್ಲ ಎಂಬ ಹೆಮ್ಮೆಯೂ ಇತ್ತು.

ಕಸ್ತೂರಿ ಮನೆಯಲ್ಲೇ ಹಡೆದಿದ್ದಳು. ನಾನು ಹೋದಾಗ ಅವಳು ಒಳಗಿನ ಕೋಣೆಯಲ್ಲಿದ್ದಳು, ಬಾಗಿಲಲ್ಲಿ ಅತ್ತೆ ನೀಲವ್ವ. ಹೆಣ್ಣು ಕೂಸು, ಮೂರನೇ ದಿನ. ತಂದೆಯ ಹೆಸರು ಕೇಳಿದೆ. "ನಮ್ಮ ಶಿವಪುತ್ರ" ಎಂದಳು ನೀಲವ್ವ. ಬರೆದುಕೊಂಡೆ. ಅಂಗಳದಲ್ಲಿ ಒಬ್ಬ ಗಂಡಸು ಕಂಬಳಿ ಹೊದ್ದು ನೀರು ಕಾಯಿಸುತ್ತಿದ್ದ. ಅವನು ಯಾರು ಎಂದು ಕೇಳಿದೆ. "ಸೊಸಿ ತಮ್ಮ ಅದಾನ್ರಿ ಬಾಯಾರ" ಎಂದಳು. ಎರಡು ನಿಮಿಷವಾಯಿತು. ಗೋಡೆಗೆ ತಾರೀಖು ಹಾಕಿ ಮುಂದೆ ನಡೆದೆ.

ಒಳಗಿನ ಕೋಣೆಯ ತನಕ ಹೋಗಿ, ಹಡೆದವಳನ್ನು ಕೇಳಲಿಲ್ಲ. ನೌಕರಿಗೆ ಸೇರುವ ಹುಡುಗಿಯರು ಇದನ್ನು ನೆನಪಿಡಬೇಕು.

ಗುರುವಾರ ಸೂಜಿಯ ದಿನ, ಕೂಸುಗಳಿಗೆ ಲಸಿಕೆ ಹಾಕುವುದು. ಈಗಿನ ಹಾಗೆ ಒಮ್ಮೆ ಬಳಸಿ ಬಿಸಾಡುವ ಸಿರಿಂಜು ಆಗ ಇರಲಿಲ್ಲ. ಗಾಜಿನ ಸಿರಿಂಜುಗಳನ್ನು ಸೂಜಿ ಸಮೇತ ಕುಕ್ಕರಿನಲ್ಲಿಟ್ಟು, ಸೀಮೆಎಣ್ಣೆ ಸ್ಟವ್ ಮೇಲೆ ಇಪ್ಪತ್ತು ನಿಮಿಷ ಕುದಿಸಬೇಕು. ತಾಯಂದಿರು ಕೂಸುಗಳಿಗೆ ಕುಂಚಿಗೆ ಕಟ್ಟಿಕೊಂಡು ಸಾಲಾಗಿ ಕೂರುತ್ತಿದ್ದರು. ಒಂದೂವರೆ ತಿಂಗಳಾದಾಗ ಕಸ್ತೂರಿಯ ಕೂಸೂ ಬಂತು. ಎತ್ತಿಕೊಂಡು ಬಂದವನು ಅಂಗಳದಲ್ಲಿ ನೀರು ಕಾಯಿಸುತ್ತಿದ್ದ ಆ ಗಂಡಸು, ಮಾಳಪ್ಪ. ಕಸ್ತೂರಿ ಹಿಂದೆ ನಿಂತಿದ್ದಳು. ಹತ್ತೊಂಬತ್ತು ಹೆಂಗಸರ ನಡುವೆ ಅವನೊಬ್ಬನೇ ಗಂಡಸು.

ಮಾಳಪ್ಪ ಒಳಗೆ ಬಂದವನೇ ಮೂಲೆಯ ಕೊಡದ ನೀರಿನಲ್ಲಿ ಎರಡು ಸಲ ಕೈ ತೊಳೆದ. ದಿನವಿಡೀ ಲಿಂಬೆ ಚೀಲ ಎತ್ತುವ ಕೈ, ಹುಳಿ ಕೂಸಿನ ಕಣ್ಣಿಗೆ ತಾಗಬಾರದು ಎಂದ. ಯಾರೂ ಹೇಳದೆ ಕೈ ತೊಳೆದ ಮನುಷ್ಯ ಎಂಬ ಕಾರಣಕ್ಕೇ ನಾನು ಅವನನ್ನು ಮೆಚ್ಚಿದೆ. ರಿಜಿಸ್ಟರಿನ ಕರೆತಂದವರು ಎಂಬ ಅಂಕಣದಲ್ಲಿ ದುಂಡಗೆ ಬರೆದೆ: ಸೋದರಮಾವ.

ತಾಯಿಯ ತೊಡೆಯ ಮೇಲೆ ಕೂಸನ್ನಿಟ್ಟು ಸೂಜಿ ಹಾಕುವುದು ನನ್ನ ಕ್ರಮ. ಅವನು ಕೊಡಲಿಲ್ಲ. ತಾನೇ ಕುಕ್ಕುರುಗಾಲಲ್ಲಿ ಕೂತು ಕೂಸನ್ನು ತೊಡೆಗೆ ಹಾಕಿಕೊಂಡು ಕಾಲುಗಳನ್ನು ಹಿಡಿದ. ತಾಯಿಗೆ ಕೊಡಪ್ಪಾ ಎಂದು ನಾನು ಗದರಿದೆ.

"ಸೂಜಿ ಚುಚ್ಚುವಾಗ ಯಾರ ಹಿಡದಿರ್ತಾರ, ಕೂಸಿಗೆ ಅವರ ಮ್ಯಾಲ ಸಿಟ್ಟ ಬರತೈತ್ರಿ ಅಕ್ಕಾರ" ಎಂದ. "ಆಕಿ ಮ್ಯಾಲ ಬಂದ್ರ ಮಲಿ ಕುಡಿಯಂಗಿಲ್ಲ. ಆ ಸಿಟ್ಟ ನನ್ನ ಮ್ಯಾಲ ಇರ್ಲಿ."

ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಎಂಥ ಒಳ್ಳೆಯ ಸೋದರಮಾವ ಎಂದುಕೊಂಡೆ. ಅವರು ನಕ್ಕದ್ದು ಮಾಳಪ್ಪನನ್ನು ನೋಡಿ ಅಲ್ಲ, ನನ್ನನ್ನು ನೋಡಿ. ಅದು ತಿಳಿಯಲು ಎಂಟು ತಿಂಗಳು ಬೇಕಾದವು. ಎರಡನೇ ಸೂಜಿ, ಮೂರನೇ ಸೂಜಿ, ಎರಡಕ್ಕೂ ಅವನೇ ಬಂದ. ಎರಡು ಸಲವೂ ಸೋದರಮಾವ ಎಂದೇ ಬರೆದೆ.

ನವೆಂಬರ್ ತಿಂಗಳಲ್ಲಿ ತಪಾಸಣೆಗೆ ಸರೋಜಿನಿ ಸಿಸ್ಟರ್ ಬಂದರು. ನನ್ನ ಮೇಲಧಿಕಾರಿ. ಮಾತು ಕಡಿಮೆ, ಕನ್ನಡಕ ಮೂಗಿನ ತುದಿಯಲ್ಲಿ. ರಿಜಿಸ್ಟರು ಬರೆಯುವುದನ್ನು ನನಗೆ ಕಲಿಸಿದವರೂ ಅವರೇ. ಕೆರೆಯಬಾರದು, ಅಳಿಸಬಾರದು, ಮೇಲೆ ತಿದ್ದಿ ದಪ್ಪ ಮಾಡಬಾರದು. ತಪ್ಪಾದರೆ ಒಂದೇ ಗೆರೆ. ಗೆರೆಯ ಕೆಳಗಿನ ಅಕ್ಷರ ಓದಲು ಬರಬೇಕು. ಮಗ್ಗುಲಿಗೆ ಸಹಿ, ತಾರೀಖು. "ಏನ್ ತಪ್ಪ ಮಾಡಿದಿ ಅನ್ನೂದೂ ಕಾಣಬೇಕು" ಎನ್ನುತ್ತಿದ್ದರು. ಅಂಥ ಗೆರೆ ಎಳೆಯುವ ಪ್ರಸಂಗ ನನಗೆ ಅಲ್ಲಿಯವರೆಗೆ ಬಂದಿರಲಿಲ್ಲ.

ಅವರು ಜನನದ ರಿಜಿಸ್ಟರು ಒಂದು ಕೈಯಲ್ಲಿ, ಮರಣದ್ದು ಇನ್ನೊಂದು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಶಾಂತವಾಗಿ ಹೇಳಿದರು, "ಈ ಶಿವಪುತ್ರ ಭಾಳ ಛಲೋ ಮನುಷ್ಯಾ ಇರಬೇಕು. ಸತ್ತ ಎರಡೂವರಿ ವರ್ಷಕ್ಕ ಮಗಳನ್ನ ಹುಟ್ಟಿಸ್ಯಾನ."

ಎರಡೂ ನನ್ನ ಅಕ್ಷರ. ೧೯೯೧ರ ಮಳೆಗಾಲದಲ್ಲಿ ಹಾವು ಕಚ್ಚಿ ಸತ್ತವರ ಸಾಲಿನಲ್ಲಿ ಅದೇ ಹೆಸರು, ಅದೇ ತಂದೆಯ ಹೆಸರು, ಅದೇ ಮನೆ. ಎರಡು ಪುಸ್ತಕಗಳೂ ಒಂದೇ ಕಪಾಟಿನಲ್ಲಿ, ಒಂದರ ಮೇಲೊಂದು ಇದ್ದವು.

ಸರೋಜಿನಿ ಸಿಸ್ಟರ್ ಬೈಯಲಿಲ್ಲ. ವಿಚಾರಿಸಿ ಸರಿ ಮಾಡು, ಆದರೆ ಅವಸರ ಮಾಡಬೇಡ ಎಂದಷ್ಟೇ ಹೇಳಿ ಬಸ್ಸು ಹತ್ತಿದರು. ನಾನು ಮೊದಲರ್ಧ ಕೇಳಿಸಿಕೊಂಡೆ, ಎರಡನೆಯ ಅರ್ಧ ಕೇಳಿಸಿಕೊಳ್ಳಲಿಲ್ಲ. ಬಸ್ಸು ಊರು ದಾಟುವ ಮೊದಲೇ ರಿಜಿಸ್ಟರು ಕಂಕುಳಲ್ಲಿಟ್ಟುಕೊಂಡು ಹೊರಟೆ. ಕಸ್ತೂರಿ ನಳದ ಹತ್ತಿರ ಕೊಡ ತುಂಬುತ್ತಿದ್ದಳು. ಏಳೆಂಟು ಹೆಂಗಸರಿದ್ದರು. ಅವರೆಲ್ಲರ ಎದುರಿಗೆ ಕೇಳಿಬಿಟ್ಟೆ: "ಕಸ್ತೂರಿ, ನಿನ್ನ ಮಗಳ ತಂದಿ ಯಾರು? ಖರೇ ಹೇಳು, ರಿಜಿಸ್ಟರ್ ತಪ್ಪಾಗೇತಿ."

ನೀರು ಕೊಡ ತುಂಬಿ ಹೊರಗೆ ಹರಿಯಿತು. ಯಾರೂ ನಳ ತಿರುವಲಿಲ್ಲ. ಕೊನೆಗೆ ಒಬ್ಬಾಕೆ, "ಊರಿಗೆಲ್ಲಾ ಗೊತ್ತಿದ್ದದ್ದು ಸರಕಾರಕ್ಕ ಇವತ್ತ ಗೊತ್ತಾತು ನೋಡ್ರಿ" ಎಂದಳು. ಈ ಸಲ ನಗುವಾಗ ಯಾರೂ ಸೆರಗು ಅಡ್ಡ ಹಿಡಿಯಲಿಲ್ಲ. ಕಸ್ತೂರಿ ತುಂಬಿದ ಕೊಡವನ್ನು ಅಲ್ಲೇ ಬಿಟ್ಟು ಮನೆಗೆ ಹೋದಳು.

ಊರಿಗೆ ಗೊತ್ತಿದ್ದದ್ದು ಇಷ್ಟು. ಗಂಡ ಸತ್ತ ವರ್ಷದ ಮೇಲೆ ಕಸ್ತೂರಿ ಲಿಂಬೆ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. ಚೀಲ ಹೊರಲು ಬರುತ್ತಿದ್ದ ಮಾಳಪ್ಪನ ಪರಿಚಯ ಅಲ್ಲಿಯದು. ಅವರ ಮಂದಿಯಲ್ಲಿ ವಿಧವೆಗೆ ಮತ್ತೆ ಮದುವೆ ಇಲ್ಲದಿಲ್ಲ. ಉಡಿಕೆ ಎನ್ನುತ್ತಾರೆ. ಹೊಸ ಸೀರೆ ಉಡಿಸಿ, ಹಿರಿಯರ ಎದುರಿಗೆ ಕರೆದುಕೊಂಡು ಹೋಗುವುದು. ಅವಮಾನವೇನೂ ಇಲ್ಲ. ಆದರೆ ಒಂದು ಕಟ್ಟಳೆ ಇತ್ತು. ಉಡಿಕೆಯಾದವಳು ಸತ್ತ ಗಂಡನ ಮನೆಯ ಹೊಸ್ತಿಲನ್ನು ಮತ್ತೆ ತುಳಿಯಬಾರದು. ಆ ಮನೆಯಲ್ಲಿ ಇದ್ದವಳು ನೀಲವ್ವ ಒಬ್ಬಳೇ. ಒಬ್ಬನೇ ಮಗನನ್ನು ಹಾವಿಗೆ ಕೊಟ್ಟವಳು. ಅವಳನ್ನು ಬಿಟ್ಟು ಹೋಗಲು ಕಸ್ತೂರಿಗೆ ಮನಸ್ಸಾಗಲಿಲ್ಲ. ಹೀಗಾಗಿ ಉಡಿಕೆ ಆಗಲಿಲ್ಲ. ಮಾಳಪ್ಪ ಬಂದುಹೋಗುವುದಕ್ಕೆ ನೀಲವ್ವನೇ ಒಂದು ಹೆಸರು ಕೊಟ್ಟಳು: ಸೊಸೆಯ ತಮ್ಮ. ಕಸ್ತೂರಿಗೆ ತಮ್ಮನೇ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ ಊರು ಆ ಮಾತನ್ನು ಮುಚ್ಚಿ ನಡೆಸಿಕೊಂಡು ಹೋಗುತ್ತಿತ್ತು. ಅದನ್ನು ನಳದ ಹತ್ತಿರ ಬಿಚ್ಚಿದವಳು ನಾನು.

ಮಾತು ಊರ ಬಾಯಿಗೆ ಬಂದ ಮೇಲೆ ಹಿರಿಯರು ಸುಮ್ಮನಿರುವಂತಿಲ್ಲ. ಚಾವಡಿಯಲ್ಲಿ ಕೂತು ಮಾಳಪ್ಪನಿಗೆ ಹೇಳಿದರು: ಉಡಿಕೆ ಮಾಡಿಕೊಂಡು ಕರೆದುಕೊಂಡು ಹೋಗು, ಇಲ್ಲವೇ ಆ ಓಣಿಗೆ ಕಾಲಿಡಬೇಡ. ಮಾಳಪ್ಪ ಕಸ್ತೂರಿಯ ಮುಖ ನೋಡಿದನಂತೆ. ಕಸ್ತೂರಿ ಅತ್ತೆಯ ಮುಖ ನೋಡಿದಳಂತೆ. ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ಇಂಡಿಗೆ ಹೋದ. ಮತ್ತೆ ಕೇಳುವ ಧೈರ್ಯ ನನಗಿರಲಿಲ್ಲ, ರಿಜಿಸ್ಟರಿನ ಹೆಸರು ಹಾಗೇ ಉಳಿಯಿತು.

ಕಸ್ತೂರಿ ನನ್ನ ಉಪಕೇಂದ್ರಕ್ಕೆ ಬರುವುದನ್ನು ಬಿಟ್ಟಳು. ಒಂಬತ್ತು ತಿಂಗಳಿಗೆ ದಡಾರದ ಸೂಜಿ ಹಾಕಬೇಕು. ಎರಡು ಗುರುವಾರ ಕಾದೆ. ಮೂರನೇ ವಾರ ಮನೆಗೆ ಹೋದರೆ ಬಾಗಿಲು ಹಾಕಿತ್ತು. ಜನವರಿಯಲ್ಲಿ ಆ ಕೂಸಿಗೆ ದಡಾರ ಎದ್ದಿತು. ನಮ್ಮ ಕಡೆ ಗೊಬ್ಬರ ಎನ್ನುತ್ತಾರೆ. ಅದನ್ನು ದೇವಿ ಎಂದೇ ತಿಳಿಯುವುದರಿಂದ ಕೂಸನ್ನು ಹೊರಗೆ ಒಯ್ಯುವುದಿಲ್ಲ, ಬಾಗಿಲಿಗೆ ಬೇವು ಕಟ್ಟುತ್ತಾರೆ. ನಾಲ್ಕನೇ ದಿನ ಕೂಸಿಗೆ ಉಸಿರಾಡಲಾಗದೆ ಪಕ್ಕೆ ಒಳಗೆ ಸೆಳೆಯತೊಡಗಿತು ಎಂದು ಗೌರಾಬಾಯಿ ಓಡಿ ಬಂದು ಹೇಳಿದಳು. ಹೋದೆ. ನೀಲವ್ವ ಹೊಸ್ತಿಲಿಗೆ ಅಡ್ಡ ಕೂತಿದ್ದಳು, ಒಳಗೆ ಬಿಡಲಿಲ್ಲ. ನಾನು ವಾದ ಮಾಡುತ್ತಿದ್ದಾಗ ಟೆಂಪೋದಿಂದ ಇಳಿದು ಮಾಳಪ್ಪ ಬಂದ. ಯಾರೋ ಪೇಟೆಗೆ ಸುದ್ದಿ ಮುಟ್ಟಿಸಿದ್ದರು. ಅವನು ವಾದ ಮಾಡಲಿಲ್ಲ. ಬೇವಿನ ತೋರಣ ಒಂದು ಕೈಯಿಂದ ಸರಿಸಿ, ನೀಲವ್ವನ ಮಗ್ಗುಲಿನಿಂದ ದಾಟಿ, ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದ. ನಡು ಮಧ್ಯಾಹ್ನ, ಓಣಿಯ ಮಂದಿಯೆಲ್ಲ ನೋಡುತ್ತಿದ್ದರು. ಯಾರೂ ತಡೆಯಲಿಲ್ಲ.

ಇಂಡಿಯ ದವಾಖಾನೆಯಲ್ಲಿ ಆರು ದಿನ ಇದ್ದು ಕೂಸು ಉಳಿಯಿತು. ಅಲ್ಲಿಯ ಕಂಪೌಂಡರ್ ಪರಿಚಯದವರು. ಆಮೇಲೊಮ್ಮೆ ಭೇಟಿಯಾದಾಗ ಅವರು ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ದಾಖಲು ಮಾಡುವಾಗ ಕೂಸಿಗೆ ನೀನು ಏನಾಗಬೇಕು ಎಂದು ಕೇಳಿದ್ದಾರೆ. ಅಲ್ಲಿ ಅವನ ಗುರುತಿನವರು ಯಾರೂ ಇರಲಿಲ್ಲ. ತಂದೆ ಎಂದಿದ್ದರೆ ಬರೆದುಕೊಳ್ಳುತ್ತಿದ್ದರು. ಅವನು, "ಮಾಮಾ ಆಗಬೇಕ್ರಿ. ಮುದುಕಿ ಹಂಗಂತ ಹೇಳ್ಯಾಳ" ಎಂದನಂತೆ.

ಈ ನೌಕರಿಯಲ್ಲಿ ಮದುವೆಯಿಲ್ಲದೆ ಮಕ್ಕಳಾದ ಬಡವರನ್ನು ಬಹಳ ನೋಡಿದ್ದೇನೆ. ಹೊರಗಿನಿಂದ ನೋಡುವವರು ಅವರನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: ಗಂಡಸು ಹೊಣೆಗೇಡಿ, ಹೆಂಗಸು ಮೋಸ ಹೋದವಳು. ನನಗೂ ಹಾಗೇ ಅನಿಸುತ್ತಿತ್ತು. ಹಾಗಿದ್ದವರೂ ಇದ್ದರು, ಇಲ್ಲವೆನ್ನುವುದಿಲ್ಲ. ಮುದ್ದೇಬಿಹಾಳದ ಕಡೆ ಒಬ್ಬ ಪ್ರತಿ ಹಬ್ಬಕ್ಕೆ ಬಣ್ಣದ ಅಂಗಿ ತಂದು ಬಾಗಿಲಲ್ಲಿಟ್ಟು ಹೋಗುತ್ತಿದ್ದ, ಒಳಗೆ ಬರುತ್ತಿರಲಿಲ್ಲ. ಆ ಮಗು ಅವನನ್ನು ಅಂಗಡಿಯವನು ಎಂದು ತಿಳಿದಿತ್ತು.

ಆದರೆ ತಂದೆತನವನ್ನು ಅವರು ತೂಗುವ ತಕ್ಕಡಿಯೇ ಬೇರೆ ಎಂದು ನನಗೆ ಕಲಿಸಿದವಳು ಮುಳವಾಡದ ಕಡೆಯ ಕಾಲುವೆ ಕೆಲಸದ ಒಬ್ಬ ಹುಡುಗಿ. ಇದು ಬಸವನ ಬಾಗೇವಾಡಿ ತಾಲೂಕಿಗೆ ನಾನು ಮೇಲ್ವಿಚಾರಕಿಯಾಗಿ ಹೋದ ಮೇಲಿನ ಮಾತು. ಮಣ್ಣು ಹೊರುವ ಕೆಲಸ, ತಾಡಪಾಲಿನ ಗುಡಿಸಲು, ಜೊತೆಗೆ ಇದ್ದವನು ಅಲ್ಲಿಯದೇ ಯಂತ್ರದ ಮೇಲೆ ಕೆಲಸ ಮಾಡುವವನು. ತಾಳಿ ಇಲ್ಲ. ಈ ಸಲ ನಾನು ಗುಡಿಸಲಿನೊಳಗೆ ಹೋಗಿ, ಕೂತು, ಅವಳನ್ನೇ ಕೇಳಿದೆ. ತಂದೆಯ ಹೆಸರು ಏನೆಂದು ಬರೆಯಲಿ?

"ಪೆನ್ಸಿಲ್‌ಲೆ ಬರೀರಿ ಅಕ್ಕಾರ" ಎಂದಳು. "ಮೂರು ಸೂಜಿ ಮುಗೀಲಿ. ಮೂರಕ್ಕೂ ಬಂದ್ರ ಪೆನ್ನಲೆ ಬರೀರಿ."

ಸರಕಾರಿ ರಿಜಿಸ್ಟರಿನಲ್ಲಿ ಪೆನ್ಸಿಲ್ ನಡೆಯುವುದಿಲ್ಲ ಎಂದೆ. ಹಾಗಾದರೆ ನಿಮ್ಮ ಸ್ವಂತ ವಹಿಯಲ್ಲಿ ಬರೆದಿಟ್ಟುಕೊಳ್ಳಿ ಎಂದಳು. ಬರೆದಿಟ್ಟುಕೊಂಡೆ. ಅವನು ಮೊದಲನೆಯದಕ್ಕೆ ಬಂದ, ಎರಡನೆಯದಕ್ಕೆ ಕೂಸು ಅತ್ತಾಗ ಹೊರಗೆ ಹೋಗಿ ಬೀಡಿ ಹಚ್ಚಿದ. ಅವಳು, "ಅರ್ಧಾ ಅಳಸ್ರಿ" ಎಂದಳು. ಮೂರನೆಯದಕ್ಕೆ ಅವನೇ ಹಿಡಿದುಕೊಂಡ. ಪೆನ್ನಿನಿಂದ ಬರೆದೆ. ಅವಳು ಅಕ್ಷರ ಒಣಗುವವರೆಗೆ ನೋಡುತ್ತ ನಿಂತಳು. ತಾಳಿಯನ್ನು ಒಬ್ಬ ಗಂಡಸು ಒಂದೇ ದಿನ ಕಟ್ಟಿ ಮುಗಿಸಬಹುದು. ಇವರು ಕೇಳುತ್ತಿದ್ದದ್ದು ಪ್ರತಿ ಸಲದ ಹಾಜರಿ.

ಮಾಳಪ್ಪನ ಹಾಜರಿಯ ವಿಷಯಕ್ಕೆ ಮರಳುತ್ತೇನೆ. ದವಾಖಾನೆಯಿಂದ ಬಂದ ಮೇಲೆ ಅವನು ಓಣಿಗೆ ಹೋಗಲಿಲ್ಲ. ಹಿರಿಯರ ಮಾತು ಮೀರುವುದು ಅವನಿಗೆ ಬೇಡವಾಗಿತ್ತು. ಒಂದು ಗುರುವಾರ ಉಪಕೇಂದ್ರದ ಬಾಗಿಲಲ್ಲಿ ನಿಂತು, "ಇವತ್ತ ಸೂಜಿ ಐತೇನ್ರಿ ಅಕ್ಕಾರ?" ಎಂದ. ಸುಮಿತ್ರಾಳಿಗೆ ಒಂದೂವರೆ ವರ್ಷ ತುಂಬುವವರೆಗೆ ಸೂಜಿ ಇಲ್ಲ ಎಂದೆ. ಅವನು ಹೋಗಲಿಲ್ಲ. "ತೂಕಾ ಮಾಡೂದರೇ ಐತೇನ್ರಿ?" ಎಂದ.

ಆಗ ನನಗೆ ತಿಳಿಯಿತು. ಉಪಕೇಂದ್ರ ಯಾರ ಮನೆಯೂ ಅಲ್ಲ. ಅಲ್ಲಿ ಹೊಸ್ತಿಲಿನ ಕಟ್ಟಳೆಯಿಲ್ಲ. ಊರಿನಲ್ಲಿ ಅವನು ಮಗಳನ್ನು ಎತ್ತಿಕೊಳ್ಳಬಹುದಾದ ಜಾಗ ಅದೊಂದೇ.

ಗೌರಾಬಾಯಿಯನ್ನು ಕಳಿಸಿ ಕಸ್ತೂರಿಗೆ ಹೇಳಿಸಿದೆ: ದಡಾರ ಆದ ಕೂಸು, ತಿಂಗಳಿಗೊಮ್ಮೆ ತೂಕ ಆಗಲೇಬೇಕು. ಕಸ್ತೂರಿ ಬಂದಳು. ನನ್ನ ಜೊತೆ ಮಾತಾಡಲಿಲ್ಲ, ಕೂಸನ್ನು ಅವನ ಕೈಗೆ ಕೊಟ್ಟು ಗೋಡೆಗೆ ಒರಗಿ ಕೂತಳು. ಮೂರು ವರ್ಷದ ತನಕ ತೂಕ ಮಾಡಿದರೆ ಸಾಕು ಎಂಬುದು ನಿಯಮ. ನಾನು ಸುಮಿತ್ರಾಳನ್ನು ಐದು ವರ್ಷ ದಾಟುವ ತನಕ ಪ್ರತಿ ತಿಂಗಳು ತೂಗಿದೆ. ನನ್ನ ನೌಕರಿಯಲ್ಲಿ ತಿಳಿದೂ ನಿಯಮ ಮೀರಿದ್ದು ಅಷ್ಟೇ. ಮಾಳಪ್ಪ ಕೈ ತೊಳೆದು, ತಕ್ಕಡಿಯ ಚೀಲದಲ್ಲಿ ಮಗಳನ್ನು ಕೂರಿಸಿ, ಮುಳ್ಳು ನಿಲ್ಲುವವರೆಗೆ ಉಸಿರು ಹಿಡಿದು ನಿಲ್ಲುತ್ತಿದ್ದ. ಲಿಂಬೆ ಚೀಲದ ತೂಕ ನೋಡಿ ರೂಢಿಯಾದ ಕಣ್ಣು. "ಕಾಲ ಕೆಜಿ ಏರ್ಯಾಳ್ರಿ" ಎಂದು ನನಗಿಂತ ಮೊದಲೇ ಹೇಳುತ್ತಿದ್ದ. ಮಗು ಅವನನ್ನು ಮಾಮಾ ಎಂದು ಕರೆಯುತ್ತಿತ್ತು. ಅವನು ಓಗೊಡುತ್ತಿದ್ದ.

ಎರಡು ವರ್ಷದ ಮೇಲೆ ಕಸ್ತೂರಿ ನನ್ನ ಜೊತೆ ಮಾತು ಬಿಚ್ಚಿದಳು. ಕ್ಷಮೆ ಕೇಳಿದೆ. ಅದಕ್ಕೆ ಉತ್ತರ ಕೊಡಲಿಲ್ಲ. ಉಡಿಕೆಯಿಲ್ಲದೆ ಇವನನ್ನು ನಂಬಿ ಹೇಗೆ ಇದ್ದೀಯ ಎಂದು ಇನ್ನೊಂದು ದಿನ ಕೇಳಿದ್ದಕ್ಕೆ ಮಾತ್ರ ಹೇಳಿದಳು, "ಶಿವಪುತ್ರ ಅಕ್ಷತಾ ಹಾಕ್ಸಿಕೊಂಡ ಗಂಡರಿ. ಒಂದ ದಿನಾನೂ ನನ್ನ ಕೇಳಿ ಎಲ್ಲಿಗೂ ಹೋಗಲಿಲ್ಲ. ಇಂವ ತಿಂಗಳಿಗೊಮ್ಮೆ ಮಗಳ ತೂಕಾ ನೋಡಾಕ ನನ್ನ ಕೇಳಿ ಬರ್ತಾನ."

೧೯೯೯ರ ಮೇ ತಿಂಗಳಲ್ಲಿ ನನಗೆ ಸಿಂದಗಿ ತಾಲೂಕಿನ ಮೋರಟಗಿಗೆ ವರ್ಗದ ಆದೇಶ ಬಂತು. ಅದೇ ತಿಂಗಳ ತೂಕದ ದಿನ ಮಾಳಪ್ಪ ಮಗಳನ್ನು ಇಳಿಸಿ, ಹೊರಗೆ ಆಡಲು ಕಳಿಸಿ, ನನ್ನ ಮೇಜಿನ ಎದುರಿಗೆ ನಿಂತ. ಐದು ವರ್ಷದಲ್ಲಿ ಅವನು ತನಗೆಂದು ಏನನ್ನಾದರೂ ಬಾಯಿಬಿಟ್ಟು ಬೇಡಿದ್ದು ಅದೇ ಮೊದಲು.

"ಸಾಲಿಗೆ ಹಚ್ಚಬೇಕ್ರಿ. ಮಾಸ್ತರ ನಿಮ್ಮ ಸೂಜಿ ಕಾರ್ಡ ನೋಡಿ ಹೆಸರ ಹಾಕ್ಕೋತಾರಂತ. ದಿನಾ ಮುಂಜಾನೆ ಹಾಜರಿ ಕೂಗ್ತಾರ. ಸುಮಿತ್ರಾ ಶಿವಪುತ್ರ ಅಂತಾರ, ಈಕಿ ಹಾಂ ಅಂತಾಳ. ದಿನಾ ಅಂತಾಳ. ಇಷ್ಟ ದಿನಾ ಮಾಮಾ ಅನಿಸ್ಕೊಂಡೇನಿ, ಅದರಾಗ ನನಗ ಏನೂ ಇಲ್ಲ. ಹಾಜರ್ಯಾಗ ಮಾತ್ರ ನನ್ನ ಹೆಸರ ಇರ್ಲಿ."

ಅದೇ ದಿನ ಸರೋಜಿನಿ ಸಿಸ್ಟರಿಗೆ ಪತ್ರ ಬರೆದೆ. ತಪ್ಪು ನನ್ನದು, ತಿದ್ದಲು ಅಪ್ಪಣೆ ಬೇಕು ಎಂದು. ನಾಲ್ಕನೇ ದಿನ ಉತ್ತರ ಬಂತು, ಎರಡೇ ಸಾಲು: ತಾಯಿ ಹೇಳಿದಂತೆ ತಿದ್ದು, ಮುಂದಿನ ತಪಾಸಣೆಗೆ ಬಂದಾಗ ನಾನೂ ಸಹಿ ಹಾಕುತ್ತೇನೆ, ಈ ಸಲ ಅವಸರ ಮಾಡಬೇಡ.

ಕಸ್ತೂರಿಯನ್ನು ಕೇಳಿದೆ. ಬರೆಯಿರಿ, ಆದರೆ ಅತ್ತೆ ಹೂಂ ಎನ್ನಬೇಕು ಎಂದಳು. ಕಾಗದದ ಪ್ರಕಾರ ಅತ್ತೆಯ ಒಪ್ಪಿಗೆ ಬೇಕಿರಲಿಲ್ಲ. ಕಸ್ತೂರಿಗೆ ಬೇಕಿತ್ತು.

ಮರುದಿನ ನೀಲವ್ವನ ಮನೆಗೆ ಹೋದೆ. ರಿಜಿಸ್ಟರು ಒಯ್ಯಲಿಲ್ಲ, ಗಡಿಯಾರ ನೋಡಲಿಲ್ಲ. ಅವಳು ಕಟ್ಟೆಯ ಮೇಲೆ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ಮಗ್ಗುಲಿಗೆ ಕೂತು ನಾನೂ ಹರಳು ಆರಿಸತೊಡಗಿದೆ. ಅರ್ಧ ಮೊರ ಮುಗಿದ ಮೇಲೆ ಅವಳೇ ಮಾತು ತೆಗೆದಳು. ತಾನು ಸುಳ್ಳು ಹೇಳಿದ್ದು ಸೊಸೆ ಬಿಟ್ಟು ಹೋದಾಳು ಎಂಬ ಅಂಜಿಕೆಯಿಂದ ಎಂದು ಎಲ್ಲರೂ ತಿಳಿದಿದ್ದಾರೆ, ಅದು ಅರ್ಧ ಮಾತ್ರ ಎಂದಳು.

"ನನ್ನ ಮಗನ ಹೆಸರ ಈಗ ಯಾರ ಬಾಯಾಗೂ ಬರಂಗಿಲ್ಲ ಬಾಯಾರ. ನಾ ಒಬ್ಬಾಕಿ ಅಂತೇನಿ, ಅದೂ ಮನಸ್ಸಿನ್ಯಾಗ. ಈ ಹುಡುಗಿ ಹೆಸರಿನ ಹಿಂದ ಹಚ್ಚಿದ್ದೆ. ಸಾಲ್ಯಾಗರೇ ದಿನಾ ಕೂಗ್ತಾರಂತ."

ಮಾಳಪ್ಪ ಕೇಳಿದ್ದೂ ಅದೇ ಹಾಜರಿಯನ್ನು, ಇವಳು ಕೇಳುತ್ತಿದ್ದದ್ದೂ ಅದನ್ನೇ. ಮಗುವಿನ ಹೆಸರಿನ ಹಿಂದೆ ಒಂದೇ ಹೆಸರಿಗೆ ಜಾಗ.

ಬುದ್ಧಿ ಹೇಳುವ ಮನಸ್ಸಾಗಲಿಲ್ಲ. ಕಂಪೌಂಡರ್ ಹೇಳಿದ್ದನ್ನು ಮಾತ್ರ ಹೇಳಿದೆ. ದಡಾರದ ದಿನ ಇಂಡಿಯ ದವಾಖಾನೆಯಲ್ಲಿ, ಯಾರೂ ಗುರುತಿನವರಿಲ್ಲದ ಕಡೆಯೂ ಅವನು ಮಾಮಾ ಎಂದೇ ಬರೆಸಿದ, ಮುದುಕಿ ಹಾಗೆ ಹೇಳಿದ್ದಾಳೆ ಎಂದ ಎಂದು.

ನೀಲವ್ವನ ಕೈ ಮೊರದ ಮೇಲೆ ನಿಂತಿತು. ಆ ಮಾತು ಅವಳಿಗೆ ಗೊತ್ತಿರಲಿಲ್ಲ.

"ಕೂಸು ಸಾಯಾಕತ್ತಿತ್ತು, ಆವಾಗೂ ನನ್ನ ಸುಳ್ಳ ಅಂವ ಹೊತ್ತಾನ" ಎಂದಳು. ಮತ್ತೆ ತೊಗರಿ ಆರಿಸಿದಳು. ಮೊರ ಪೂರ್ತಿ ಹಸನಾದ ಮೇಲೆ ಕೇಳಿದಳು, "ನನ್ನ ಮಗನ ಹೆಸರ ಅಳಸ್ತೀರೇನ್ರಿ?"

ಅಳಿಸುವುದಿಲ್ಲ, ಅಳಿಸಲು ನಮಗೆ ಅಧಿಕಾರವಿಲ್ಲ ಎಂದೆ. ಒಂದೇ ಗೆರೆ ಎಳೆಯುತ್ತೇನೆ, ಕೆಳಗಿನ ಹೆಸರು ಓದಲು ಬರುತ್ತದೆ, ಆ ಪುಸ್ತಕ ಇರುವ ತನಕ ಇರುತ್ತದೆ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. "ಗುರುವಾರ ಬರ್ತೇನಿ. ನನ್ನ ಕಣ್ಣಮುಂದ ಎಳೀರಿ."

ಹೀಗೆ ಆ ಗುರುವಾರ ಇವರೆಲ್ಲ ಹಾಜರಿದ್ದರು.

ಒಂಬತ್ತೂಕಾಲಿಗೆ ರಿಜಿಸ್ಟರು ತೆರೆದೆ. ಅಳತೆಪಟ್ಟಿ ಇಟ್ಟು, ಕೆಂಪು ಶಾಯಿಯಲ್ಲಿ, ಶಿವಪುತ್ರ ಎಂಬ ಹೆಸರಿನ ನಡುವೆ ತೆಳ್ಳಗೆ ಒಂದು ಗೆರೆ ಎಳೆದೆ. ಮಗ್ಗುಲಿಗೆ ಸಹಿ, ತಾರೀಖು. ಮೇಲೆ ಬರೆದೆ: ಮಾಳಪ್ಪ. ನೀಲವ್ವನಿಗೆ ಓದಲು ಬರುತ್ತಿರಲಿಲ್ಲ. ಗೌರಾಬಾಯಿಗೆ 'ಓದು' ಎಂದಳು. ಗೌರಾಬಾಯಿ ಗೆರೆಯ ಕೆಳಗಿನದನ್ನು ಓದಿದಳು: ಶಿವಪುತ್ರ ಗುರುಲಿಂಗಪ್ಪ. ಇನ್ನೊಮ್ಮೆ ಓದಿಸಿದಳು. ಆಮೇಲೆ ಶಾಯಿ ಆರಿದೆಯೇ ಎಂದು ಕೇಳಿ, ಆ ಅಕ್ಷರಗಳ ಮೇಲೆ ಬೆರಳು ಇಟ್ಟು ತೆಗೆದಳು.

ಗೌರಾಬಾಯಿ ತಡೆಯಲಾರದೆ, ಹಾಗಾದರೆ ಉಡಿಕೆ ಯಾವಾಗ ಎಂದು ಕೇಳಿಬಿಟ್ಟಳು.

"ಉಡಿಕಿ ಯಾಕ?" ಎಂದಳು ನೀಲವ್ವ. "ಉಡಿಕಿ ಆದ್ರ ಈಕಿ ನನ್ನ ಹೊಸ್ತಿಲ ತುಳಿಯಂಗಿಲ್ಲ. ಆ ಹೊಸ್ತಿಲ ನಂದು. ಯಾರ ದಾಟಬೇಕು ಅನ್ನೂದು ಹಿರ್ಯಾರಿಗೆ ನಾ ಹೇಳ್ತೇನಿ." ಮಾಳಪ್ಪನ ಕಡೆ ತಿರುಗಿ, "ಸಂಜೀಕ ಉಣ್ಣಾಕ ಬಾ. ಕೈ ತೊಳಕೊಂಡ ಬಾ, ಲಿಂಬಿ ನಾರತಾವ" ಎಂದಳು. ಕಸ್ತೂರಿ ನಕ್ಕಳು. ನಾನು ಅವಳ ನಗು ಕಂಡದ್ದು ಅದೇ ಮೊದಲು.

ಶಾಲೆಗೆ ಹೋಗುವ ಮಕ್ಕಳಿಗೆ ಹಾಕುವ ಐದು ವರ್ಷದ ಸೂಜಿ ಇನ್ನೂ ಉಳಿದಿತ್ತು. ಮಾಳಪ್ಪ ಎಂದಿನಂತೆ ಕುಕ್ಕುರುಗಾಲಲ್ಲಿ ಕೂತು ಸುಮಿತ್ರಾಳ ತೋಳು ಹಿಡಿದ. ಸೂಜಿ ಹಾಕಿದೆ. ಅವಳು ಅಳು ನುಂಗಿ ಅವನ ಎದೆಗೆ ಗುದ್ದಿ, "ಮಾಮಾ ಕೆಟ್ಟಾಂವ" ಎಂದಳು. ಕಾಗದದಲ್ಲಿ ಬರೆದದ್ದು ಅವಳ ಬಾಯಿಗೆ ಬರಲು ದಿನ ಹಿಡಿಯುತ್ತದೆ. ಅವನು, "ಹೌದವ್ವಾ, ನಾನ ಕೆಟ್ಟಾಂವ" ಎಂದು ಅವಳನ್ನು ಎತ್ತಿಕೊಂಡ.

ಅವರು ಹೋದ ಮೇಲೆ ಉಳಿದ ಕೂಸುಗಳ ಸೂಜಿ ಮುಗಿಸಿದೆ. ಸಿರಿಂಜುಗಳನ್ನು ತೊಳೆದು, ಎಣಿಸಿ, ಕುಕ್ಕರಿಗೆ ಹಾಕಿದೆ. ಲಸಿಕೆಯ ಡಬ್ಬಿಯ ನೀರು ಚೆಲ್ಲಿ, ಒರೆಸಿ, ಬಿಸಿಲಿಗೆ ಬಾಯಿ ತೆರೆದಿಟ್ಟೆ. ಸುಮಿತ್ರಾಳಿಗೆ ಹೊಸ ಕಾರ್ಡು ಬರೆದು ಗೌರಾಬಾಯಿಯ ಕೈಯಲ್ಲಿ ಶಾಲೆಗೆ ಕಳಿಸಿದೆ. ಕೊನೆಗೆ ಸೂಜಿಯ ರಿಜಿಸ್ಟರು ತೆರೆದು ಆ ದಿನದ ಸಾಲುಗಳನ್ನು ತುಂಬಿದೆ. ಅವಳ ಹೆಸರಿನ ಮುಂದೆ ಒಂದು ಅಂಕಣ ಖಾಲಿ ಉಳಿದಿತ್ತು. ಕರೆತಂದವರು: ತಂದೆ. ಮಧ್ಯಾಹ್ನ ಒಂದೂವರೆ. ಶಾಯಿ ಆರಿದ ಮೇಲೆ ಪುಸ್ತಕ ಮುಚ್ಚಿ ಕಪಾಟಿಗೆ ಬೀಗ ಹಾಕಿದೆ.